ಮಾವನ ಎದುರಿಗೆ

ಕಾಲುವೆಯ ದಂಡೆಯಲ್ಲಿ ಮಗುಚಿ ಬಿದ್ದ ಟ್ರೇಲರಿನ ಪಕ್ಕ ಭರಮು ಒಂದೇ ಸಮನೆ ಕೂಗುತ್ತಿದ್ದ. ಅವನ ಬಲಗಾಲು ಮೊಣಕಾಲಿನ ಕೆಳಗೆ ಮುರಿದು ಓರೆಯಾಗಿತ್ತು. ಉಗಾರ ಬುದ್ರುಕದ ಅರ್ಧ ಊರೇ ಅವನ ಸುತ್ತ ನೆರೆದಿತ್ತು. ನೂರಾ ಎಂಟರ ಆಂಬುಲೆನ್ಸ್ ಗಾಡಿಯಿಂದ ಇಳಿದ ಶಾಕೀರ ಮಾತ್ರ ಆ ಗುಂಪಿನತ್ತ ಹೋಗದೆ, ಆಚೆ ಬೇವಿನ ಗಿಡದ ಬುಡದಲ್ಲಿ ತಲೆತುಂಬ ಸೆರಗು ಹೊದ್ದು ಕುಳಿತಿದ್ದ ಹೆಂಗಸಿನ ಕಡೆಗೆ ನಡೆದ. ಕೂಗುವವರಿಗೆ ಕೂಗುವಷ್ಟು ಉಸಿರಿರುತ್ತದೆ, ಸುಮ್ಮನಿರುವವರನ್ನು ಮೊದಲು ನೋಡು ಎಂದು ತರಬೇತಿಯಲ್ಲಿ ಅವನಿಗೆ ಕಲಿಸಿದ್ದರು.

ಅವಳು ಭರಮುವಿನ ಸೊಸೆ ಶೇವಂತಾ. ಮಾವನ ಜೊತೆ ಹೊಲದಿಂದ ಮರಳುವಾಗ ಟ್ರೇಲರಿನಲ್ಲಿ ಮೇವಿನ ಹೊರೆಗಳ ನಡುವೆ ಕುಳಿತಿದ್ದಳು. ಅದು ಮಗುಚಿದಾಗ ಕಬ್ಬಿಣದ ಅಂಚು ಅವಳ ಪಕ್ಕೆಗೆ ಬಡಿದಿತ್ತು. ಮೈಮೇಲೆ ಒಂದು ಗೀರೂ ಇರಲಿಲ್ಲ.

"ಏನಾಗೇತ್ರಿ ಅಕ್ಕಾರ?"

"ನಂಗೇನೂ ಆಗಿಲ್ರಿ. ಮೊದ್ಲ ಮಾವಾರ್ನ ನೋಡ್ರಿ. ನಂಗ ಒಂದೀಟ ನೀರ ಕೊಟ್ರ ಸಾಕು."

ಶಾಕೀರ ಅವಳ ಕೈ ಹಿಡಿದ. ಮಟಮಟ ಮಧ್ಯಾಹ್ನದ ಬಿಸಿಲಿನಲ್ಲೂ ಕೈ ತಣ್ಣಗಿತ್ತು, ಅಂಗೈ ಬೆವರಿತ್ತು. ನಾಡಿ ದಾರದೆಳೆಯಷ್ಟು ಸಣ್ಣಗಾಗಿ ಓಡುತ್ತಿತ್ತು. ಹೊಟ್ಟೆಯೊಳಗೆ ರಕ್ತ ಸೋರುತ್ತಿದೆ ಎಂದು ತಿಳಿಯಲು ಅವನಿಗೆ ಹೊತ್ತು ಹಿಡಿಯಲಿಲ್ಲ. ಗಾಡಿಯಲ್ಲಿದ್ದದ್ದು ಒಂದೇ ಸ್ಟ್ರೆಚರ್.

"ಮಲಕಾರೀ, ಸ್ಟ್ರೆಚರ್ ಈ ಕಡೆ ತಾ," ಎಂದು ಡ್ರೈವರನನ್ನು ಕೂಗಿದ. "ಇವರ್ನ ಮಲಗಸೂಣು. ಕಾಕಾನ ಕಾಲಿಗೆ ಪಟ್ಟಿ ಕಟ್ಟಿ ಬಾಜೂಕ ಬೆಂಚಿನ ಮ್ಯಾಲ ಕುಂಡ್ರಸೂಣು."

ಅಷ್ಟು ಸಾಕಾಯಿತು, ಜನ ಮುಗಿಬಿದ್ದರು. ನಮ್ಮ ಊರುಗಳಲ್ಲಿ ನಾಡಿ ನೋಡಲು ಒಬ್ಬರಿಗೂ ಬರುವುದಿಲ್ಲ; ಯಾರನ್ನು ಮೊದಲು ಎತ್ತಬೇಕೆಂದು ಹೇಳಲು ಮಾತ್ರ ಎಲ್ಲರಿಗೂ ಬರುತ್ತದೆ. "ಕಾಲ ಮುರದ ಮನಶ್ಯಾನ್ನ ಕುಂಡ್ರಸ್ತಾನಂತ, ಗಟ್ಟಿಮುಟ್ಟ ಕುಂತಾಕಿನ್ನ ಮಲಗಸ್ತಾನಂತ!" ಎಂದು ಒಬ್ಬ ಕೈ ತಿರುವಿದ. ಇನ್ನಿಬ್ಬರು ಸ್ಟ್ರೆಚರ್ ಕಸಿದುಕೊಂಡು ಭರಮುವಿನ ಪಕ್ಕಕ್ಕೆ ತಂದೇಬಿಟ್ಟರು.

ಶಾಕೀರ ಭರಮುವಿನ ಮುಂದೆ ಕುಕ್ಕರಗಾಲಿನಲ್ಲಿ ಕುಳಿತ. "ಕಾಕಾ, ನೀವರ ಹೇಳ್ರಿ. ಅಕ್ಕಾರಿಗೆ ಹೊಟ್ಟ್ಯಾಗ ರಕ್ತ ಸೋರಾಕತ್ತೈತಿ. ಮಲಗಿಸಿ, ಕಾಲ ಮ್ಯಾಲ ಮಾಡಿ ಒಯ್ಯಬೇಕು. ಇಲ್ಲಾಂದ್ರ ಜೀವಕ್ಕ ಅಪಾಯ ಐತಿ. ನೀವು ಹೇಳಿದ್ರ ಕೇಳ್ತಾರ."

ಭರಮು ಕೆಟ್ಟವನಲ್ಲ. ಸೊಸೆಯ ಮೇಲೆ ಒಂದು ದಿನವೂ ಕೈ ಎತ್ತಿದವನಲ್ಲ, ಹೊಟ್ಟೆಗೆ ಕಡಿಮೆ ಮಾಡಿದವನಲ್ಲ. ಆದರೆ ಮದುವೆಯಾಗಿ ಬಂದಾಗಿನಿಂದ ಅವಳು ತನ್ನ ಕಣ್ಣಿಗೆ ಬೀಳುವಂತೆ ಮೈ ಚೆಲ್ಲಿದವಳಲ್ಲ ಎಂದು ಕಟ್ಟೆಯ ಮೇಲೆ ಕುಳಿತು ಹೇಳಿಕೊಳ್ಳುವುದು ಅವನಿಗಿದ್ದ ದೊಡ್ಡ ಅಭಿಮಾನ. ಕಟ್ಟೆಯಲ್ಲಿ ಅದನ್ನು ಕೇಳಿದವರೆಲ್ಲ ಈಗ ಇಲ್ಲೇ ನಿಂತಿದ್ದರು.

"ನನ್ನ ಮುಂದ ಕಾಲ ಮ್ಯಾಲ ಮಾಡಿ ಮಲಗೂದನ?" ಎಂದ, ನೋವಿನಲ್ಲೂ ಹಲ್ಲು ಕಚ್ಚಿ. "ನಮ್ಮ ಸೊಸಿ ಹಂತಾಕಿ ಅಲ್ಲೋ ತಮ್ಮಾ. ಬೇಕಾದ್ರ ಕೇಳ."

ಕೇಳುವ ಅಗತ್ಯವೇ ಬೀಳಲಿಲ್ಲ. ಮಾವ ತನ್ನತ್ತ ತಿರುಗಿದ್ದನ್ನು ಕಂಡ ಶೇವಂತಾ ಆಗಲೇ ಗಿಡವನ್ನು ಹಿಡಿದು ಎದ್ದು ನಿಂತಿದ್ದಳು. "ಮಾವಾರ್ನ ಮಲಗಸ್ರಿ ಯಣ್ಣಾ. ನಾ ಕೆಳಗ ಕುಂಡ್ರತೀನಿ."

ಜಗಳಕ್ಕೆ ನಿಂತರೆ ಇದ್ದ ಹೊತ್ತೂ ಹೋಗುತ್ತದೆ ಎಂದುಕೊಂಡ ಶಾಕೀರ ಸೋತ. ಗಾಡಿ ಅಥಣಿಯ ಕಡೆ ಹೊರಟಿತು. ಮಾವನ ಕಣ್ಣಿಗೆ ಬೀಳದಂತೆ ಶೇವಂತಾ ಅವನ ತಲೆಯ ಹಿಂದೆ ನೆಲದ ಮೇಲೆ ಕುಳಿತಳು. ಶಾಕೀರ ಅವಳ ಕೈಗೆ ಸಲೈನ್ ಹಚ್ಚಿ, ನೆಲದ ಮೇಲಾದರೂ ಮಲಗಿಸಲು ನೋಡಿದ. "ಮಾವಾರ ಅದಾರಲ್ರಿ" ಎಂದು ಪಿಸುಗುಟ್ಟಿ, ಸ್ಟ್ರೆಚರಿನ ಸರಳನ್ನು ಬಿಗಿಯಾಗಿ ಹಿಡಿದು ಕುಳಿತೇ ಇದ್ದಳು. ಪ್ರತಿ ತಗ್ಗಿಗೂ ಭರಮು ಚೀರುತ್ತಿದ್ದ. ಅವಳು ಮತ್ತೊಮ್ಮೆ ನೀರು ಕೇಳಿದಳು, ಆಮೇಲೆ ಕೇಳಲಿಲ್ಲ. ಸರಳಿನಿಂದ ಕೈ ಜಾರಿದಾಗ ದವಾಖಾನೆ ಇನ್ನೂ ದೂರವಿತ್ತು. ಶಾಕೀರ ಅವಳನ್ನು ನೆಲದ ಮೇಲೆ ಮಲಗಿಸಿ ಕಾಲುಗಳನ್ನು ಎತ್ತಿ ಔಷಧದ ಪೆಟ್ಟಿಗೆಯ ಮೇಲಿಟ್ಟ. ಈ ಸಲ ಅವಳು ಬೇಡ ಎನ್ನಲಿಲ್ಲ.

ದವಾಖಾನೆ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಮೊದಲೇ ಮಲಗಿಸಿ ತಂದಿದ್ದರೆ ಉಳಿಯುತ್ತಿದ್ದಳೇ ಎಂದು ಶಾಕೀರ ಡಾಕ್ಟರರನ್ನು ಕೇಳಿದ. ಅವರು ಅವನ ಮುಖವನ್ನೊಮ್ಮೆ ನೋಡಿ, ಕಾಗದದಲ್ಲಿ ಹೊತ್ತು ಬರೆದುಕೊಂಡರು. ಊರಿನವರ ಬೈಗುಳ ತಿಂದಾದರೂ ಅವಳನ್ನು ಎತ್ತಿ ಮಲಗಿಸಬೇಕಿತ್ತು ಎಂದು ಅವನಿಗೆ ಈಗ ಅನ್ನಿಸಿತು. ಬೈಗುಳವನ್ನು ನಾಳೆ ಮರೆಯಬಹುದಿತ್ತು, ಇದನ್ನು ಮರೆಯುವುದು ಹೇಗೆ?

ಸಂಜೆ, ಶೇವಂತಾಳ ಗಂಡ ಸುರಜ ತಂದೆಯನ್ನು ಗಾಲಿಕುರ್ಚಿಯಲ್ಲಿ ಕೂರಿಸಿ, ಅವಳನ್ನು ಇಟ್ಟಿದ್ದ ಕೋಣೆಗೆ ತಳ್ಳಿಕೊಂಡು ಬಂದ. ಒಳಗೆ ಅವಳು ಬೆಂಚಿನ ಮೇಲೆ ಕಾಲು ಚಾಚಿ ಮಲಗಿದ್ದಳು. ತಲೆಯ ಮೇಲೆ ಸೆರಗಿರಲಿಲ್ಲ. ಭರಮು ಹೊಸ್ತಿಲಲ್ಲೇ ಕುರ್ಚಿ ನಿಲ್ಲಿಸಲು ಹೇಳಿದ. ಸೊಸೆ ಸೆರಗು ಸರಿಮಾಡಿಕೊಂಡು ಏಳಲಿ ಎಂದು ಮನೆಯಲ್ಲಿ ದಿನವೂ ಕೆಮ್ಮಿ ಒಳಗೆ ಬರುತ್ತಿದ್ದವನು, ಇಲ್ಲಿಯೂ ಒಮ್ಮೆ ಕೆಮ್ಮಿದ. ಸ್ವಲ್ಪ ಹೊತ್ತು ಕಾದ.

ಆಮೇಲೆ ಹೇಳಿದ: "ಏಳಬ್ಯಾಡ ತಂಗಿ, ಮಲ್ಕೋ."