ದೌಲಪ್ಪನ ಟಗರು

ಕಲಬುರಗಿಯ ಕುರಿ ಪ್ರದರ್ಶನದ ಕಣದಲ್ಲಿ ಟಗರು ಮತ್ತೆ ಮೊಣಕಾಲೂರಿ ಕುಳಿತುಬಿಟ್ಟಿತು. ಲಲಿತಾಬಾಯಿ ಹಗ್ಗ ಜಗ್ಗಿದಳು, ಗದ್ದ ಹಿಡಿದು ಎತ್ತಿದಳು. ಅದು ಏಳಲಿಲ್ಲ.

“ನಿಲ್ಲಸ್ರಿ ಅಕ್ಕಾ, ಇಲ್ಲಾಂದ್ರ ಹೊರಗ ಒಯ್ರಿ,” ಎಂದರು ತೀರ್ಪುಗಾರರು.

“ಸ್ವಲ್ಪ ತಡೀರಿ ಸಾಹೇಬ್ರ. ಇದು ನಮ್ಮ ಮನಿಯವರ ದನಿಗೇ ನಿಂದರ್ತದ.”

“ಹಂಗಿದ್ರ ಅವರಿಗೇ ಕರೀರಿ.”

ಅವಳು ಬೇಲಿಯತ್ತ ಕಣ್ಣು ಹಾಯಿಸಿದಳು. ಗಂಟಲಿನ ಆಪರೇಶನ್‌ನಲ್ಲಿ ಗಂಡ ದೌಲಪ್ಪನ ದನಿ ಹೋಗಿತ್ತು. ಅಂದಿನಿಂದ ಅವನು ಕುರಿಗಳತ್ತ ತಿರುಗಿಯೂ ನೋಡಿರಲಿಲ್ಲ. ಇಲ್ಲಿಯಾದರೂ ಅವನ ಮನಸ್ಸು ಅರಳೀತೆಂದು, ಅವಳೇ ಹಟ ಹಿಡಿದು ಕಮಲಾಪುರದಿಂದ ಅವನನ್ನೂ ಟಗರನ್ನೂ ಕರೆತಂದಿದ್ದಳು. ಈಗ ಬೇಲಿಯಾಚೆ ಕೊರಳಿಗೆ ಟವೆಲ್ ಸುತ್ತಿಕೊಂಡು ಕೂತಿದ್ದವನು ಎದ್ದು ಹೊರಟಿದ್ದ.

“ಹೋಗಬ್ಯಾಡ್ರೀ!” ಎಂದು ಚೀರಿದಳು. ಅವನು ನಿಲ್ಲಲಿಲ್ಲ. ಏನು ಮಾಡಬೇಕೆಂದೇ ತೋಚದೆ ಅವಳು ಕೈಯಲ್ಲಿದ್ದ ಹಗ್ಗ ಬಿಟ್ಟುಬಿಟ್ಟಳು.

ಟಗರು ಎದ್ದಿತು. ಜನ ನಗುತ್ತಿರುವಾಗಲೇ ಕಣ ದಾಟಿ ಓಡಿ, ಬೇಲಿಗೆ ಹಣೆಯೊತ್ತಿ ಅರಚಿತು. ದೌಲಪ್ಪ ಹಿಂತಿರುಗಿ ನೋಡಿದ. ಮೆಲ್ಲಗೆ ಮರಳಿ ಬಂದು, ಬೇಲಿಯ ಸಂದಿನಲ್ಲಿ ಕೈ ತೂರಿಸಿ ಅದರ ಗದ್ದ ಹಿಡಿದ. ತುಟಿಗಳು ಅಲುಗಿದವು; ದನಿ ಹೊರಡಲಿಲ್ಲ.

ಟಗರು ನಾಲ್ಕೂ ಕಾಲು ಊರಿ, ಕತ್ತೆತ್ತಿ ನಿಂತಿತು.