ಗೋಡೆ ಏರಿದ ಟಿಸಿ ಅರ್ಜಿ

ದಾವಣಗೆರೆಯ ಹೊರವಲಯದಲ್ಲೊಂದು ಸರ್ಕಾರಿ ಹೈಸ್ಕೂಲು. ಅಲ್ಲಿ ಚಿತ್ರ, ನಾಟಕ, ಸಂಗೀತಕ್ಕೆಂದೇ ಒಂದು ಕಲಾ ವಿಭಾಗ...

ಪರೀಕ್ಷೆ ಕೊಟ್ಟು ಸೀಟು ಪಡೆಯಬೇಕು. ಎರಡೆರಡು ಬಸ್ಸು ಹತ್ತಿ ಮಕ್ಕಳು ಬರುತ್ತಾರೆ.

ಒಂದು ದಿನ ಓಂಕಾರಪ್ಪ ಎಂಬ ತಂದೆ ಮುಖ ಗಂಟಿಕ್ಕಿಕೊಂಡು ಆಫೀಸಿಗೆ ಬಂದರು.

“ನನ್ ಮಗಳ ಟಿಸಿ ಕೊಡ್ರಿ ಮೇಡಂ. ತನುಜಾ, ಒಂಬತ್ತನೇ ಕ್ಲಾಸು. ಚಿತ್ರ ಬರ್ದು ಯಾರ ಹೊಟ್ಟೆ ತುಂಬೈತೆ?”

ಹಾಗೆನ್ನುವ ಹಕ್ಕು ಅವರಿಗಿತ್ತು... ಹದಿನೈದು ವರ್ಷ ಅಂಗಡಿಗಳಿಗೆ ಬೋರ್ಡು ಬರೆದವರು. ಫ್ಲೆಕ್ಸ್ ಬಂತು, ಬ್ರಷ್ ಒಣಗಿತು. ಈಗ ಟೈಲ್ಸ್ ಅಂಗಡಿಯಲ್ಲಿ ಸೇಲ್ಸ್‌ಮನ್.

ಗುಮಾಸ್ತೆ ಜಯಶೀಲಮ್ಮ ತಲೆ ಎತ್ತಲಿಲ್ಲ. “ಬಾಯಲ್ಲಿ ಹೇಳಿದ್ರೆ ಆಗಲ್ಲ. ಅರ್ಜಿ ಬರ್ಕೊಡಿ.”

ಬರೆದರು... ಸಿಟ್ಟಿನಲ್ಲೂ ಕೈ ಹಳೆಯ ಚಾಳಿ ಬಿಡಲಿಲ್ಲ. ‘ಮಾನ್ಯರೇ’ ಎಂಬ ಅಕ್ಷರಗಳಿಗೆ ಬೋರ್ಡಿನಲ್ಲಿರುವಂತೆ ನೆರಳು ಬಿದ್ದಿತ್ತು. ‘ಟಿಸಿ’ಯ ಸುತ್ತ ಬಳ್ಳಿ ಹಬ್ಬಿತ್ತು!

ಮೂರು ದಿನ ಬಿಟ್ಟು ಮತ್ತೆ ಬಂದರು.

“ಟಿಸಿ?”

“ಅರ್ಜಿ ಇಲ್ದೆ ಹೆಂಗ್ ಕೊಡ್ಲಿ?”

“ಕೊಟ್ಟಿದ್ನಲ್ರೀ!”

“ಡ್ರಾಯಿಂಗ್ ಮೇಷ್ಟ್ರು ತಗೊಂಡೋದ್ರು... ಪ್ರದರ್ಶನಕ್ಕೆ.”

ಓಂಕಾರಪ್ಪ ಪ್ರದರ್ಶನದ ಹಾಲ್‌ಗೆ ಧಾವಿಸಿದರು. ನಟ್ಟನಡುವಿನ ಗೋಡೆಯಲ್ಲಿ, ಫ್ರೇಮ್ ಹಾಕಿಸಿಕೊಂಡು, ಅರ್ಜಿ ನೇತಾಡುತ್ತಿತ್ತು.

ಅದರ ಮುಂದೆ ತನುಜಾ, ಸುತ್ತ ಗೆಳತಿಯರು.

“ಆ ‘ಳ’ದ ಬಾಲ ನೋಡ್ರೇ... ನಮ್ಮಪ್ಪ ಬರ್ದಿದ್ದು. ಪೆನ್ಸಿಲ್ ಗೆರೆ ಇಲ್ದಂಗೆ, ಒಂದೇ ಸಲಕ್ಕೆ!”

“ಲೇ, ನಿನ್ನ ಸ್ಕೂಲ್ ಬಿಡಿಸ್ತೀನಿ ಅಂತ ಬರ್ದೈತಲ್ಲೇ!”

“ಗೊತ್ತು ಕಣೇ...” ತನುಜಾಳ ದನಿ ಸಣ್ಣದಾಯಿತು. “ಆದ್ರೂ ಎಷ್ಟ್ ಚೆಂದ ಬರ್ದಾರೆ ನೋಡು.”

ಓಂಕಾರಪ್ಪ ಬಾಗಿಲಲ್ಲೇ ನಿಂತುಬಿಟ್ಟರು... ಅವರ ಅಕ್ಷರವನ್ನು ಯಾರಾದರೂ ನಿಂತು ನೋಡಿ ಎಷ್ಟೋ ವರ್ಷವಾಗಿತ್ತು. ಕಣ್ಣು ಮಂಜಾಯಿತು.

ಡ್ರಾಯಿಂಗ್ ಮೇಷ್ಟ್ರು ಮುಬಾರಕ್ ಹತ್ತಿರ ಬಂದರು. “ಮೊಳೆ ಹೊಡ್ದಿದ್ದು ನಾನು ಸರ್. ಕೀಳೋದಾದ್ರೆ ನೀವೇ ಕೀಳಿ.”

ಓಂಕಾರಪ್ಪ ಹತ್ತಿರ ಹೋಗಿ ಅರ್ಜಿಯನ್ನೇ ದಿಟ್ಟಿಸಿದರು. ಮಗಳು ತಿರುಗಿ ಅಪ್ಪನನ್ನು ನೋಡಿದಳು.

“‘ಮಾನ್ಯರೇ’ ಸ್ವಲ್ಪ ವಾಲೈತೆ...” ಎಂದು ಮೂಗು ಒರೆಸಿಕೊಂಡರು. “ಇನ್ನೊಂದು ಹಾಳೆ ಕೊಡ್ರಿ.”

ಆಫೀಸಿನಲ್ಲಿ ಹೊಸ ಅರ್ಜಿ ಸಿದ್ಧವಾಯಿತು... ‘ವಿಷಯ: ಶನಿವಾರ ಮಧ್ಯಾಹ್ನ ಮಕ್ಕಳಿಗೆ ಬೋರ್ಡು ಬರೆಯುವುದನ್ನು ಕಲಿಸಲು ಅನುಮತಿ ಕೋರಿ.’

“ಇದನ್ನಾದ್ರೂ ಫೈಲಿಗೆ ಹಾಕ್ತೀನಿ ಕೊಡಿ” ಎಂದು ಜಯಶೀಲಮ್ಮ ಕೈ ಚಾಚಿದರು.

ಅಷ್ಟರಲ್ಲಾಗಲೇ ಮೇಷ್ಟ್ರು ಇನ್ನೊಂದು ಮೊಳೆ ಹುಡುಕುತ್ತಿದ್ದರು!

*ಮಕ್ಕಳ ದಾರಿಗೆ ಅಡ್ಡ ನಿಲ್ಲುವುದು ಎಷ್ಟೋ ಸಲ ನಮ್ಮದೇ ಹಳೆಯ ನೋವು.*

ನಿಮ್ಮ ಒಣಗಿದ ಬ್ರಷ್ ಈಗ ಯಾವ ಡಬ್ಬಿಯಲ್ಲಿದೆ...? ಒಮ್ಮೆ ತೆಗೆದು ನೋಡುವಿರಾ?