ಮೂರನೆಯ ಭಾನುವಾರದ ಅಡ್ಡಿ

ಈಗಲೂ ಇಂಜೆಕ್ಷನ್‌ಗೆ ಮೊದಲು ತೋಳಿಗೆ ಸ್ಪಿರಿಟ್ ಹಚ್ಚಿದರೆ, ಆ ವಾಸನೆಗೆ ನರ್ಸ್ ಆಗಿದ್ದ ನಮ್ಮ ಸೋದರತ್ತೆಯ ಮಗ್ಗುಲು ನೆನಪಾಗುತ್ತದೆ.

ಚಿಕ್ಕಂದಿನಲ್ಲಿ ತುಮಕೂರಿನ ಮನೆಯಲ್ಲಿ ನಾನು ಮಲಗುತ್ತಿದ್ದದ್ದು ಅವಳ ಪಕ್ಕದಲ್ಲೇ. ಕುಣಿಗಲ್ಲಿನ ವಿಧುರನೊಬ್ಬನಿಗೆ ಅವಳನ್ನು ಗೊತ್ತು ಮಾಡಿದರು. ಆತನಿಗೆ ನನ್ನದೇ ವಯಸ್ಸಿನ ಮಗಳಿದ್ದಾಳೆಂದು ತಿಳಿದು ನನಗೆ ಹೊಟ್ಟೆ ಉರಿಯಿತು. ಇನ್ನು ಅತ್ತೆಯ ಮಗ್ಗುಲು ಆ ಹುಡುಗಿಯದು.

ನಮ್ಮ ಚರ್ಚಿನಲ್ಲಿ ಮದುವೆಗೆ ಮುಂಚೆ ಮೂರು ಭಾನುವಾರ ಜೋಡಿಯ ಹೆಸರು ಓದಿ, ಅಡ್ಡಿಯಿದ್ದವರು ತಿಳಿಸಿ ಎನ್ನುತ್ತಾರೆ. ಯಾರೂ ಏನೂ ಹೇಳುವುದಿಲ್ಲ. ಮೂರನೆಯ ಭಾನುವಾರ ಕುಣಿಗಲ್ಲಿನಿಂದ ಬಂದಿದ್ದ ಆ ಹುಡುಗಿ ಅತ್ತೆ ಹೊಲಿದ ಫ್ರಾಕ್ ಹಾಕಿಕೊಂಡು ಮುಂದೆಯೇ ಕೂತಿದ್ದಳು. ನಾನು ಎದ್ದು ನಿಂತೆ.

“ನಂದೈತೆ ಅಡ್ಡಿ.”

“ಏನವ್ವಾ ಅದು?” ಎಂದರು ಪಾದ್ರಿಗಳು.

“ಅತ್ತೆ ನಮ್ಮೋಳು. ಆ ಹುಡ್ಗೀಗೆ ಕೊಡಲ್ಲ.”

ಸಭೆಯೆಲ್ಲ ನಕ್ಕಿತು. ಅಪ್ಪ ರಟ್ಟೆ ಹಿಡಿದು ಕೂರಿಸಿ, “ಮೂವತ್ತೈದಾಯ್ತು. ಇನ್ನೂ ಒಂಟಿಯಾಗೇ ಇರ್ಬೇಕೇನು ಅವ್ಳು?” ಎಂದು ಗೊಣಗಿದರು.

ಅತ್ತೆ ಮಾತ್ರ ನಗಲಿಲ್ಲ. ಹೊರಗೆ ಬಂದ ಮೇಲೆ ನನ್ನ ಕೆನ್ನೆ ಹಿಡಿದು, “ನಾನೂ ನಿನ್ ಜೊತೆ ಎದ್ದು ನಿಲ್ಬೇಕಿತ್ತು ಕಣೇ,” ಎಂದಳು.

ನಾನು ಗೇಟಿನ ಬಳಿ ನಿಂತಿದ್ದ ಆ ಹುಡುಗಿಯ ಫ್ರಾಕನ್ನೇ ನೋಡುತ್ತಿದ್ದೆ.